ಮಾತ್ರೆಗೊಂದು ಪ್ರಮಾಣ, ವ್ಯಾಯಾಮಕ್ಕೇಕಿಲ್ಲ?

ಆಸ್ಟ್ರೇಲಿಯಾದಿಂದ ರಜೆಗೆ ಊರಿಗೆ ಹೊರಡುವ ಅನೇಕ ಕನ್ನಡಿಗರ ಸೂಟ್‌ಕೇಸಿನಲ್ಲಿ ಗ್ಲುಕೋಸಮೈನ್ ಡಬ್ಬಿಗೆ ಖಾಯಂ ಜಾಗವಿದೆ. ಅಪ್ಪನ ಮಂಡಿಗೊಂದು, ಅಮ್ಮನ ಸೊಂಟಕ್ಕೊಂದು. ಅದರ ಹಿಂದಿನ ಪ್ರೀತಿ ನಿಜವೇ. ಆದರೆ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯು ಕೀಲು ಸವೆತಕ್ಕೆ ಗ್ಲುಕೋಸಮೈನ್ ಕೊಡಬಾರದೆನ್ನುತ್ತದೆ. ಬದಲಿಗೆ ಎಲ್ಲ ರೋಗಿಗಳಿಗೂ ಚಿಕಿತ್ಸಾ ವ್ಯಾಯಾಮವನ್ನು ಸೂಚಿಸುತ್ತದೆ. ನಾವು ಊರಿಗೆ ತಲುಪಿಸಬೇಕಾದದ್ದು ಆ ವ್ಯಾಯಾಮದ ಪ್ರಮಾಣದ ಅರಿವನ್ನು ಎಂಬುದು ನನ್ನ ಅಭಿಪ್ರಾಯ.

ಮೈಸೂರಿನಲ್ಲಿರುವ ನನ್ನ ತಾಯಿಯವರಿಗೆ ರಕ್ತದೊತ್ತಡದ ಮಾತ್ರೆ ಎಷ್ಟು ಮಿಲಿಗ್ರಾಂ ಎಂಬುದು ಬಾಯಿಪಾಠ. ಸೊಂಟದ ಕೀಲಿನ ನೋವಿಗೆ ವೈದ್ಯರು ಏನು ಹೇಳಿದರೆಂದು ಕೇಳಿದರೆ ಮಾತ್ರ, ‘ಸ್ವಲ್ಪ ನಡೀರಿ ಅಂದ್ರು’ ಎನ್ನುತ್ತಾರೆ. ‘ಸ್ವಲ್ಪ’ ಎಂಬುದು ಪ್ರಮಾಣವಲ್ಲ. ವಾರಕ್ಕೆ ಎಷ್ಟು ಬಾರಿ, ಎಷ್ಟು ಹೊತ್ತು, ಎಷ್ಟು ಶ್ರಮದಿಂದ, ಎಷ್ಟು ವಾರ? ಈ ನಾಲ್ಕಕ್ಕೂ ಉತ್ತರವಿದ್ದಾಗಲೇ ವ್ಯಾಯಾಮ ಔಷಧವಾಗುತ್ತದೆ. ಸೊಂಟದ ಕೀಲು ಸವೆತದ ಅಧ್ಯಯನಗಳನ್ನು ಪರಿಶೀಲಿಸಿದ 2017ರ ವಿಮರ್ಶೆಯೊಂದರಲ್ಲಿ, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೂಚಿಸಿದ ಪ್ರಮಾಣಕ್ಕೆ ಹತ್ತಿರವಿದ್ದ ವ್ಯಾಯಾಮಗಳೇ ನೋವನ್ನು ಹೆಚ್ಚು ತಗ್ಗಿಸಿದ್ದವು.

ನಾನಿರುವ ಮೆಲ್ಬರ್ನ್‌ನಲ್ಲಿ ಇದಕ್ಕೊಂದು ಮಾದರಿಯಿದೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾಗಿ ಇಲ್ಲಿಗೂ ಬಂದ ‘ಗ್ಲಾಡ್’ ಕಾರ್ಯಕ್ರಮದಲ್ಲಿ ಮೊದಲು 2 ತಿಳಿವಳಿಕೆಯ ತರಗತಿಗಳು. ಬಳಿಕ ಫಿಸಿಯೋಥೆರಪಿಸ್ಟರ ಕಣ್ಣೆದುರು ವಾರಕ್ಕೆ ಎರಡರಂತೆ 6 ವಾರಗಳಲ್ಲಿ 12 ವ್ಯಾಯಾಮದ ತರಗತಿಗಳು. ನೋವಿಗೂ ಅಲ್ಲಿ ಅಳತೆಯುಂಟು. ಸೊನ್ನೆಯಿಂದ ಹತ್ತರವರೆಗಿನ ಮಾಪನದಲ್ಲಿ 5ರವರೆಗಿನ ನೋವು ಸಹ್ಯ. ಅದು 24 ಗಂಟೆಗಳೊಳಗೆ ಮೊದಲಿನ ಮಟ್ಟಕ್ಕಿಳಿಯಬೇಕು. ಇಳಿಯದಿದ್ದರೆ ಮುಂದಿನ ಬಾರಿ ಪ್ರಮಾಣವನ್ನು ತಗ್ಗಿಸುತ್ತಾರೆಯೇ ಹೊರತು ವ್ಯಾಯಾಮವನ್ನು ಬಿಡಿಸುವುದಿಲ್ಲ.

‘ಸವೆದ ಕೀಲನ್ನು ಇನ್ನೂ ಏಕೆ ಸವೆಸಬೇಕು?’ ಎಂದು ಹಿರಿಯರು ಕೇಳುವುದುಂಟು. ಕೀಲು ಗಾಡಿಯ ಅಚ್ಚಲ್ಲ. ರಕ್ತನಾಳಗಳಿಲ್ಲದ ಮೃದ್ವಸ್ಥಿಗೆ ಪೋಷಣೆ ದೊರೆಯಲು ಚಲನೆ ಬೇಕು. ಸುತ್ತಲಿನ ಸ್ನಾಯುಗಳು ಬಲಗೊಂಡರೆ ಕೀಲಿಗೂ ಆಸರೆ. ಹಾಗೆಂದು ಇದು ಪವಾಡವೇನಲ್ಲ. 2014ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಸೊಂಟದ ನೋವು ನೂರರ ಅಳತೆಯಲ್ಲಿ ಸರಾಸರಿ 8 ಅಂಕಗಳಷ್ಟು ತಗ್ಗುತ್ತದೆ. ಸವೆದದ್ದು ಮರಳಿ ಬೆಳೆಯದು. ಕೀಲು ಬದಲಿಸಲೇಬೇಕಾದವರಿಗೆ ಇದು ಶಸ್ತ್ರಚಿಕಿತ್ಸೆಗೆ ಪರ್ಯಾಯವೂ ಅಲ್ಲ. ಆದರೆ ಕಾಲುಚೀಲ ಹಾಕಿಕೊಳ್ಳಲು, ಕಾರಿನಿಂದಿಳಿಯಲು ಪರದಾಡುವವರಿಗೆ ಅಷ್ಟು ಇಳಿಕೆಯೂ ಸಣ್ಣದಲ್ಲ.

ವಿದೇಶದಲ್ಲಿ ಎಲ್ಲವೂ ಸುಲಭವೆಂದು ಭಾವಿಸಬೇಡಿ. ದೀರ್ಘಕಾಲದ ಕಾಯಿಲೆಯವರಿಗೆ ಮೆಡಿಕೇರ್ ಇಂಥ ಚಿಕಿತ್ಸೆಗೆ ನೆರವು ನೀಡುವುದು ವರ್ಷಕ್ಕೆ 5 ಭೇಟಿಗಳಿಗೆ ಮಾತ್ರ. ಸಂದರ್ಶಕ ವೀಸಾದಲ್ಲಿ ಬರುವ ನಮ್ಮ ತಂದೆತಾಯಿಯರಿಗೆ ಅದೂ ಇಲ್ಲ. ಹೀಗಾಗಿ ಅವರ ಚಿಕಿತ್ಸೆ ಊರಿನಲ್ಲೇ, ಪರಿಚಿತ ಫಿಸಿಯೋಥೆರಪಿಸ್ಟರ ಬಳಿಯೇ ನಡೆಯುವುದು ಲೇಸು.

ದೂರದಲ್ಲಿರುವ ಮಕ್ಕಳು ‘ವಾಕಿಂಗ್ ಹೋಗ್ತಿದ್ದೀರಾ?’ ಎಂದು ಕೇಳಿ ಕರ್ತವ್ಯ ಮುಗಿಯಿತೆಂದುಕೊಳ್ಳಬಾರದು. ಊರಿನಲ್ಲಿರುವವರು ಆ ನಾಲ್ಕು ಪ್ರಶ್ನೆಗಳಿಗೆ ಚಿಕಿತ್ಸಕರಿಂದ ಉತ್ತರ ಬರೆಸಿಕೊಂಡು ಬನ್ನಿ. ಆ ಚೀಟಿಯನ್ನು ಮಾತ್ರೆಗಳ ಪಕ್ಕದಲ್ಲೇ ಇಡಿ.