ಹಾಸನಾಂಬೆಯ ದರ್ಶನ: ಬಾಗಿಲು ಒಂದೇ, ಸಾಲು ಹಲವು

ಹಾಸನ: ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬ ದೇವಾಲಯದ ಬಾಗಿಲು 2025ರ ಅಕ್ಟೋಬರ್ 9ರಂದು ತೆರೆದು 23ರಂದು ಮುಚ್ಚಿತು. ಮೊದಲ ಮತ್ತು ಕೊನೆಯ ದಿನಗಳನ್ನು ಬಿಟ್ಟರೆ ಸಾರ್ವಜನಿಕ ದರ್ಶನಕ್ಕೆ ದೊರೆತದ್ದು 13 ದಿನ. ಅಷ್ಟರಲ್ಲಿ ದೇವಿಯ ದರ್ಶನ ಪಡೆದವರು ಸುಮಾರು 26 ಲಕ್ಷ ಮಂದಿ. ದೇವಾಲಯದ ಆದಾಯ 25 ಕೋಟಿ ರೂಪಾಯಿಗೂ ಅಧಿಕ. ಎರಡೂ ದಾಖಲೆಗಳೇ. ಆದರೆ ಈ ದಾಖಲೆಗಳ ಸಂಭ್ರಮದ ನಡುವೆ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ: ಆ ಒಂದು ಬಾಗಿಲಿನಿಂದ ಗಂಟೆಗೆ ಎಷ್ಟು ಜನ ಸುರಕ್ಷಿತವಾಗಿ ಒಳಹೋಗಿ ಹೊರಬರಬಹುದು?

ಲೆಕ್ಕ ಕಠಿಣವೇನಲ್ಲ. 26 ಲಕ್ಷವನ್ನು 13 ದಿನಗಳಿಗೆ ಹಂಚಿದರೆ ದಿನಕ್ಕೆ 2 ಲಕ್ಷ. ನೈವೇದ್ಯ, ಅಲಂಕಾರಗಳಿಗಾಗಿ ಬಾಗಿಲು ಹಾಕುವ ವೇಳೆಯನ್ನು ಕಳೆದು ದಿನಕ್ಕೆ 20 ಗಂಟೆ ದರ್ಶನ ನಡೆಯಿತೆಂದೇ ಇಟ್ಟುಕೊಂಡರೂ ಗಂಟೆಗೆ 10 ಸಾವಿರ, ನಿಮಿಷಕ್ಕೆ ಸುಮಾರು 166 ಮಂದಿ. ಅಂದರೆ ಸೆಕೆಂಡಿಗೆ ಮೂವರು. ಹುತ್ತದ ರೂಪದಲ್ಲಿ ನೆಲೆಸಿರುವ ದೇವಿಯನ್ನು ಕಣ್ತುಂಬಿಕೊಳ್ಳಲು ಭಕ್ತನಿಗೆ ದೊರೆಯುವುದು ಕಣ್ಣು ಮಿಟುಕಿಸುವಷ್ಟು ಸಮಯ. ಇದು ಸರಾಸರಿ ಲೆಕ್ಕ ಮಾತ್ರ. ರಜೆಯ ದಿನಗಳಲ್ಲಿ, ಶುಕ್ರವಾರ ಮತ್ತು ಭಾನುವಾರಗಳಲ್ಲಿ ಒತ್ತಡ ಎಷ್ಟಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು.

ಇಷ್ಟು ಜನ ಒಮ್ಮೆಲೇ ಹೆಚ್ಚಿದ್ದೇಕೆ ಎಂಬುದೂ ಗುಟ್ಟೇನಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಮನೆಗೆಲಸದ ನಡುವೆ ದೂರದ ಕ್ಷೇತ್ರಗಳನ್ನು ಕಾಣದೆ ಉಳಿದಿದ್ದ ಲಕ್ಷಾಂತರ ಹೆಣ್ಣುಮಕ್ಕಳು ಅದರಿಂದ ಹಾಸನದ ದಾರಿ ಹಿಡಿದರು. ಅದರ ಜೊತೆಗೆ ದೂರದರ್ಶನ ವಾಹಿನಿಗಳ ನೇರ ಪ್ರಸಾರ, ಗಣ್ಯರ ಭೇಟಿ, ಮೊಬೈಲ್‌ನಲ್ಲಿ ಹರಿದಾಡುವ ದೃಶ್ಯಗಳು. ಒಂದು ಕಾಲಕ್ಕೆ ಹಾಸನ ಮತ್ತು ಸುತ್ತಲಿನ ತಾಲ್ಲೂಕುಗಳ ಜಾತ್ರೆಯಂತಿದ್ದ ಉತ್ಸವ ಇಂದು ಇಡೀ ರಾಜ್ಯದ ಉತ್ಸವವಾಗಿದೆ. ಬೆಳೆಯದೆ ಉಳಿದಿರುವುದು ಗರ್ಭಗುಡಿಯ ಬಾಗಿಲೊಂದೇ. ಶತಮಾನಗಳ ಹಿಂದಿನ ಆ ಬಾಗಿಲನ್ನು ಅಗಲಗೊಳಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಎಚ್ಚರಿಕೆಯ ಗಂಟೆಗಳು

ಅಪಾಯದ ಮುನ್ಸೂಚನೆ ದೊರೆತಿಲ್ಲವೆಂದು ಹೇಳುವಂತಿಲ್ಲ. 2023ರ ನವೆಂಬರ್ 10ರಂದು ದರ್ಶನದ ಸಾಲಿನ ಬಳಿ ವಿದ್ಯುತ್ ತಂತಿಯಿಂದ ಆಘಾತ ತಗುಲಿ, ಗಾಬರಿಗೊಂಡ ಜನ ಚೆಲ್ಲಾಪಿಲ್ಲಿಯಾಗಿ ಓಡಿದ್ದರಿಂದ ಹಲವರು ಗಾಯಗೊಂಡರು. 2024ರ ಅಕ್ಟೋಬರ್ ಕೊನೆಯಲ್ಲಿ ಜನಸಂದಣಿ ಹತೋಟಿ ಮೀರಿದಾಗ ಹಾಸನಕ್ಕೆ ಬಿಟ್ಟಿದ್ದ ವಿಶೇಷ ಬಸ್‌ಗಳನ್ನೇ ರದ್ದುಗೊಳಿಸಬೇಕಾಯಿತು. ಮನೆಯಿಂದ ಹೊರಟು ನಿಲ್ದಾಣ ತಲುಪಿದವರಿಗೆ ಬಸ್ಸೇ ಇಲ್ಲ ಎನ್ನುವುದು ನಿಯಂತ್ರಣವಲ್ಲ. ನಿಯಂತ್ರಣ ಕೈತಪ್ಪಿದೆ ಎಂಬುದರ ಒಪ್ಪಿಗೆ.

2025ರಲ್ಲಿ ಆಡಳಿತ ಪಾಠ ಕಲಿತಿತ್ತು. ಜಿಲ್ಲಾ ಉಸ್ತುವಾರಿ ಸಚಿವ ಕೃಷ್ಣಬೈರೇಗೌಡ ಅವರು ಹಿಂದೆ ಬೇಕಾಬಿಟ್ಟಿಯಾಗಿ ಹಂಚಲಾಗುತ್ತಿದ್ದ ವಿಐಪಿ ಪಾಸ್‌ಗಳಿಗೆ ಕಡಿವಾಣ ಹಾಕಿದರು. ಅವುಗಳ ಬದಲಿಗೆ ಗೋಲ್ಡ್ ಕಾರ್ಡ್ ಬಂದಿತು. ಶಿಷ್ಟಾಚಾರದ ದರ್ಶನಕ್ಕೆ ಸಮಯ ಗೊತ್ತುಪಡಿಸಲಾಯಿತು. 300 ಮತ್ತು 1,000 ರೂಪಾಯಿಗಳ ವಿಶೇಷ ದರ್ಶನದ ಸಾಲುಗಳು ಮುಂದುವರಿದವು. ಧರ್ಮದರ್ಶನದ ಸಾಲು ಹಿಂದಿನ ವರ್ಷಗಳಿಗಿಂತ ಚುರುಕಾಗಿ ಸಾಗಿತೆಂಬುದನ್ನು ಒಪ್ಪಲೇಬೇಕು. ಗಣ್ಯರ ಸಾಲನ್ನು ಹಿಡಿತದಲ್ಲಿಟ್ಟರೆ ಸಾಮಾನ್ಯರ ಸಾಲು ಓಡುತ್ತದೆ ಎಂಬ ಸರಳ ಸತ್ಯ ಸಾಬೀತಾಯಿತು.

ಇದರ ಹಿಂದಿನ ಗಣಿತವನ್ನು ಗಮನಿಸಬೇಕು. ಸಾಲುಗಳು ಎಷ್ಟೇ ಇರಲಿ, ಬಾಗಿಲು ಒಂದೇ. ಗಂಟೆಗೆ 10 ಸಾವಿರ ಜನ ಸಾಗುವ ಬಾಗಿಲಿನ ಮುಂದೆ ಧರ್ಮದರ್ಶನದ ಸಾಲಿನಲ್ಲಿ 40 ಸಾವಿರ ಮಂದಿ ಇದ್ದಾರೆನ್ನಿ. ಬಾಗಿಲು ಪೂರ್ತಿ ಅವರದಾದರೆ ಕೊನೆಯವನು ನಾಲ್ಕು ಗಂಟೆ ಕಾಯುತ್ತಾನೆ. ಬಾಗಿಲಿನ ಮೂರನೆಯ ಒಂದು ಪಾಲನ್ನು ಟಿಕೆಟ್ ಮತ್ತು ಕಾರ್ಡಿನವರಿಗೆ ಕೊಟ್ಟರೆ ಅವನೇ ಆರು ಗಂಟೆ ಕಾಯಬೇಕು. ವಿಶೇಷ ದರ್ಶನದಿಂದ ಸಮಯ ಉಳಿತಾಯವಾಗುವುದಿಲ್ಲ; ಒಬ್ಬರ ಕಾಯುವಿಕೆ ಮತ್ತೊಬ್ಬರ ಹೆಗಲಿಗೆ ವರ್ಗಾವಣೆಯಾಗುತ್ತದೆ ಅಷ್ಟೆ.

ಉದ್ಯಾನಗಳ ಪಾಠ, ಕ್ಷೇತ್ರಗಳ ಪಾಠ

ಜಗತ್ತಿನ ಮನರಂಜನಾ ಉದ್ಯಾನಗಳು ಈ ಸಮಸ್ಯೆಯನ್ನು ಬಹುಕಾಲದಿಂದ ಎದುರಿಸುತ್ತಿವೆ. ಅಮೆರಿಕದ ಡಿಸ್ನಿ ಸಂಸ್ಥೆ 1999ರಲ್ಲಿ ಫಾಸ್ಟ್‌ಪಾಸ್ ಎಂಬ ಚೀಟಿ ಪದ್ಧತಿಯನ್ನು ತಂದಿತು. ಸಾಲಿನಲ್ಲಿ ನಿಲ್ಲದೆ, ಚೀಟಿಯಲ್ಲಿ ಮುದ್ರಿತವಾದ ವೇಳೆಗೆ ಬಂದರೆ ಸಾಕು. 2019ರ ಡಿಸೆಂಬರ್‌ನಲ್ಲಿ 'ಸ್ಟಾರ್ ವಾರ್ಸ್' ಕಥೆಯ ಹೊಸ ಆಕರ್ಷಣೆಯೊಂದನ್ನು ತೆರೆದಾಗ ಮೊಬೈಲ್‌ನಲ್ಲೇ ಸರದಿ ಹಿಡಿಯುವ ವರ್ಚುವಲ್ ಕ್ಯೂ ಬಳಕೆಗೆ ಬಂದಿತು. ಉದ್ಯಾನ ತೆರೆದ ಕೆಲವೇ ನಿಮಿಷಗಳಲ್ಲಿ ಇಡೀ ದಿನದ ಸರದಿ ಮುಗಿದುಹೋಗುತ್ತಿತ್ತು. ನಮ್ಮ ಬಿಡದಿಯ ವಂಡರ್‌ಲಾದಲ್ಲೂ ಹೆಚ್ಚು ಹಣ ತೆತ್ತವರಿಗೆ ಫಾಸ್ಟ್‌ಟ್ರ್ಯಾಕ್ ಸಾಲು ಇದೆ. ಕಾಯುವ ಸ್ಥಳವನ್ನು ಬದಲಿಸಬಹುದು, ಆಟದ ಸಾಮರ್ಥ್ಯವನ್ನು ಹೆಚ್ಚಿಸಲಾಗದು ಎಂಬುದೇ ಇವುಗಳ ಒಟ್ಟು ಅನುಭವ.

ದೇವಾಲಯಗಳ ಅನುಭವವೂ ಬೇರೆಯಲ್ಲ. ಕನ್ನಡಿಗ ಭಕ್ತರಿಗೆ ಚಿರಪರಿಚಿತವಾದ ಶಬರಿಮಲೆಯಲ್ಲಿ ವರ್ಚುವಲ್ ಕ್ಯೂ ಆರಂಭವಾಗಿ ದಶಕ ಮೀರಿದೆ. ಅಲ್ಲಿ ಅಳತೆಗೋಲು ಹದಿನೆಂಟು ಮೆಟ್ಟಿಲು: ಪೊಲೀಸರು ಎಷ್ಟೇ ನುರಿತವರಾಗಿರಲಿ, ನಿಮಿಷಕ್ಕೆ ಹತ್ತಿಸಬಹುದಾದವರ ಸಂಖ್ಯೆಗೆ ಮಿತಿಯಿದೆ. 2025ರ ನವೆಂಬರ್‌ನಲ್ಲಿ ಋತುವಿನ ಆರಂಭದಲ್ಲೇ ನೂಕುನುಗ್ಗಲು ಉಂಟಾದಾಗ ಕೇರಳ ಹೈಕೋರ್ಟ್, ದಿನಕ್ಕೆ 20 ಸಾವಿರದಷ್ಟಿದ್ದ ಸ್ಥಳದಲ್ಲೇ ಕಾಯ್ದಿರಿಸುವ ಅವಕಾಶವನ್ನು 5 ಸಾವಿರಕ್ಕೆ ಇಳಿಸಿತು. ಆನ್‌ಲೈನ್ ಮಿತಿ 70 ಸಾವಿರವಿತ್ತು. ಮಿತಿಯಿಲ್ಲದ ವರ್ಚುವಲ್ ಕ್ಯೂ ಕೇವಲ ಹೆಸರಿನ ಸಾಲೆಂಬುದನ್ನು ಆ ಆದೇಶ ಸ್ಪಷ್ಟಪಡಿಸಿತು.

ತಿರುಪತಿಯದು ಇನ್ನಷ್ಟು ಕಹಿ ಪಾಠ. 2025ರ ಜನವರಿ 8ರಂದು ವೈಕುಂಠದ್ವಾರ ದರ್ಶನದ ಟೋಕನ್‌ಗಾಗಿ ನೆರೆದಿದ್ದವರಲ್ಲಿ ಕಾಲ್ತುಳಿತವಾಗಿ ಆರು ಮಂದಿ ಪ್ರಾಣ ಕಳೆದುಕೊಂಡರು. ದುರಂತ ನಡೆದದ್ದು ಬೆಟ್ಟದ ಮೇಲಿನ ದೇಗುಲದಲ್ಲಲ್ಲ, ಕೆಳಗೆ ಊರಿನಲ್ಲಿ, ಟೋಕನ್ ಕೊಡುವ ಜಾಗದಲ್ಲಿ. ಸಾಲನ್ನು ತಪ್ಪಿಸಲೆಂದು ತಂದ ಟೋಕನ್‌ಗೇ ಸಾಲು ಹುಟ್ಟಿಕೊಂಡರೆ ಅಪಾಯ ಸ್ಥಳಾಂತರವಾಗುತ್ತದೆ, ನಿವಾರಣೆಯಾಗುವುದಿಲ್ಲ. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಸತ್ತ ಘಟನೆಯೂ ಜನರ ಸಂಖ್ಯೆಗೂ ದ್ವಾರದ ಸಾಮರ್ಥ್ಯಕ್ಕೂ ತಾಳೆಯಾಗದಿದ್ದುದರ ಫಲವೇ.

ತಾಲ್ಲೂಕುಗಳಲ್ಲೇ ತಡೆ

ಹಾಸನಕ್ಕೆ ಒಂದು ಅನುಕೂಲವಿದೆ. ಜನ ಬರುವ ಹೆದ್ದಾರಿಗಳು ಸ್ಪಷ್ಟವಾಗಿವೆ. ಬೆಂಗಳೂರಿನ ಕಡೆಯವರು ರಸ್ತೆಯಲ್ಲಾದರೂ ರೈಲಿನಲ್ಲಾದರೂ ಚನ್ನರಾಯಪಟ್ಟಣವನ್ನು ದಾಟಿಯೇ ಬರಬೇಕು. ಮೈಸೂರಿನ ರೈಲು ಹೊಳೆನರಸೀಪುರದ ಮೂಲಕ ಬರುತ್ತದೆ. ಕೊಡಗಿನ ಕಡೆಯಿಂದ ಬರುವ ಅನೇಕರಿಗೆ ಅರಕಲಗೂಡೇ ಹೆಬ್ಬಾಗಿಲು. ಮೂರೂ ಪಟ್ಟಣಗಳು ಹಾಸನದಿಂದ ಸುಮಾರು ಒಂದು ಗಂಟೆಯ ಬಸ್ ಪ್ರಯಾಣದಷ್ಟು ದೂರ. ಬೇಲಿ ಕಟ್ಟಿದ ಬೀದಿಯಲ್ಲಿ ಎಂಟು ಗಂಟೆ ನಿಲ್ಲುವುದಕ್ಕಿಂತ ಈ ಊರುಗಳಲ್ಲಿ ನೆರಳು, ನೀರು, ಶೌಚಾಲಯಗಳಿರುವೆಡೆ ಕುಳಿತು ಕಾಯುವುದು ಮೇಲು.

ಹಾಗಾಗಿ ಗಂಟೆವಾರು ದರ್ಶನದ ಚೀಟಿಯನ್ನು ಮೊಬೈಲ್‌ನಲ್ಲಿ ನೀಡುವುದರ ಜೊತೆಗೆ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣಗಳಲ್ಲೂ ನೀಡುವ ಬಗ್ಗೆ ಆಡಳಿತ ಚಿಂತಿಸಬೇಕು. ಚೀಟಿಯ ಗಂಟೆಗೆ ಹೊಂದುವಂತೆ ಬಸ್ ಬಿಡಬೇಕು. ಬಸ್ಸೊಂದಕ್ಕೆ 50 ಜನರಂತೆ ಲೆಕ್ಕ ಹಾಕಿದರೆ ಗಂಟೆಗೆ 10 ಸಾವಿರ ಜನರೆಂದರೆ 200 ಬಸ್‌ಗಳು. ಸಾರಿಗೆ ಸಂಸ್ಥೆ ಬಸ್ ಬಿಡುವ ವೇಗಕ್ಕೂ ಗರ್ಭಗುಡಿಯ ವೇಗಕ್ಕೂ ಇರುವ ಸಂಬಂಧವನ್ನು ಒಂದೇ ಕೊಠಡಿಯಲ್ಲಿ ಕುಳಿತು ನೋಡುವವರು ಬೇಕು.

ಆಕ್ಷೇಪಗಳು ಬರುತ್ತವೆ, ಬರಬೇಕು ಕೂಡ. ತಾಯಿಯ ದರ್ಶನಕ್ಕೂ ಗಂಟೆ ಗೊತ್ತುಮಾಡಬೇಕೇ ಎಂದು ಕೇಳುವವರಿದ್ದಾರೆ. ಮೊಬೈಲ್ ಬಳಸಲು ಬಾರದ ಹಳ್ಳಿಯ ಅಜ್ಜಿಯ ಗತಿಯೇನು ಎಂಬುದು ಅದಕ್ಕಿಂತ ಗಂಭೀರ ಪ್ರಶ್ನೆ. ಆನ್‌ಲೈನ್ ವ್ಯವಸ್ಥೆಯೊಂದನ್ನೇ ನೆಚ್ಚಿಕೊಂಡರೆ ನಗರದ ಚುರುಕು ಬೆರಳುಗಳು ಸರದಿಯನ್ನೆಲ್ಲ ಬಾಚಿಕೊಳ್ಳುವುದು ನಿಶ್ಚಿತ. ಆದ್ದರಿಂದ ಚೀಟಿಗಳಲ್ಲಿ ದೊಡ್ಡ ಪಾಲು ತಾಲ್ಲೂಕು ಕೇಂದ್ರಗಳಿಗೆ ಮೀಸಲಾಗಬೇಕು, ಉಚಿತವಾಗಿರಬೇಕು, ಒಂದು ಕುಟುಂಬಕ್ಕೆ ಒಂದೇ ವೇಳೆ ದೊರೆಯಬೇಕು. ಕೌಂಟರ್‌ಗಳು ಹಲವಿರಬೇಕು, ಇಲ್ಲದಿದ್ದರೆ ತಿರುಪತಿಯ ತಪ್ಪು ಇಲ್ಲಿ ಮರುಕಳಿಸೀತು.

ಎಲ್ಲಕ್ಕಿಂತ ಮೊದಲು ಆಡಳಿತ ಒಂದು ಸಂಖ್ಯೆಯನ್ನು ಬಹಿರಂಗಪಡಿಸಬೇಕು: ದಿನಕ್ಕೆ ಇಷ್ಟು ಜನ, ಅದರಲ್ಲಿ ಧರ್ಮದರ್ಶನಕ್ಕೆ ಇಷ್ಟು, ಟಿಕೆಟ್‌ಗೆ ಇಷ್ಟು, ಕಾರ್ಡಿಗೆ ಇಷ್ಟು ಎಂದು. ಆ ಸಂಖ್ಯೆ ಪ್ರಕಟವಾದ ದಿನ ಪ್ರಭಾವಿಗಳ ಒತ್ತಡಕ್ಕೆ ಅಧಿಕಾರಿಗಳು ಕೊಡಬಹುದಾದ ಉತ್ತರವೂ ಸಿದ್ಧವಾಗುತ್ತದೆ. ಆದಾಯದ ಬಹುಪಾಲು ವಿಶೇಷ ದರ್ಶನದ ಟಿಕೆಟ್ ಮತ್ತು ಲಾಡು ಪ್ರಸಾದದಿಂದ ಬರುತ್ತಿರುವಾಗ ಟಿಕೆಟ್‌ಗೆ ಮಿತಿ ಹಾಕುವುದು ಸುಲಭವಲ್ಲ. ಆದರೆ ವರ್ಷವಿಡೀ ಮುಚ್ಚಿದ್ದು ಹದಿನೈದು ದಿನ ತೆರೆಯುವ ಬಾಗಿಲಿಗೆ ಸಿದ್ಧತೆ ನಡೆಸಲು ಸುಮಾರು 350 ದಿನಗಳ ಅವಕಾಶವಿದೆ. ಮುಂದಿನ ಬಾರಿ ದಾಖಲೆಯೊಂದನ್ನು ಹೇಳಿಕೊಳ್ಳುವುದಾದರೆ, ಎಷ್ಟು ಮಂದಿ ಬಂದರು ಎಂಬುದರ ಬದಲು ಧರ್ಮದರ್ಶನದ ಸಾಲಿನಲ್ಲಿ ಕೊನೆಯವನು ಎಷ್ಟು ಹೊತ್ತು ಕಾದ ಎಂಬುದನ್ನು ಹೇಳಲಿ.