ಉತಾರದಾಗ ಯಾರ ಹೆಸರು?

ಹೋದ ತಿಂಗಳ ನಮ್ಮ ಕೂಟದ ಚರ್ಚೆಯಲ್ಲಿ ಮಿತ್ರರೊಬ್ಬರು 'ರೈತ ದೇಶದ ಬೆನ್ನೆಲುಬು' ಎಂದು ಗಂಟಲು ಹರಿದುಕೊಂಡು ಮಾತಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಹಾಸ್ಟೆಲಿಗೆ ಬಂದು ಮಲಗಿದಾಗ ಹೊಳೆಯಿತು: ಅಷ್ಟು ಹೊತ್ತೂ ನನ್ನ ಕಣ್ಣ ಮುಂದಿದ್ದ ರೈತನಿಗೆ ಮೀಸೆ ಇತ್ತು, ತಲೆಗೆ ರುಮಾಲಿತ್ತು. ನಮ್ಮ ಹೊಲದಲ್ಲಿ ನಾನು ಕಂಡ ರೈತನಿಗೆ ಇವೆರಡೂ ಇಲ್ಲ. ಆಕೆ ನಮ್ಮವ್ವ.

ನಮ್ಮದು ವಿಜಾಪುರದ ಕಡೆಯ ಎರೆಹೊಲ, ಹಿಂಗಾರಿ ಜೋಳ. ರಾಶಿಗೆ ಮುಂಚೆ ಸಾಲು ಸಾಲು ಅಡ್ಡಾಡಿ ಬೀಜದ ತೆನೆ ಆರಿಸುವವಳು ಅವ್ವ. ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ತುಂಬಿಡುವವಳು ಅವ್ವ. ಕಳೆ ತೆಗೆಯುವುದು, ದನದ ಮೇವು, ಉರುವಲು, ನೀರು, ಎಲ್ಲ ಅವಳದೇ. ನೇಗಿಲು ಮಾತ್ರ ಮುಟ್ಟಬಾರದಂತೆ, ಮಳೆ ಆಗೋದಿಲ್ಲವಂತೆ. (ಟ್ರ್ಯಾಕ್ಟರ್ ಬಂದರೂ ಈ ಶಾಸ್ತ್ರ ಇಳಿದು ಹೋಗಲಿಲ್ಲ, ಸ್ಟಿಯರಿಂಗ್ ಹಿಡಿದು ಕೂತಿದೆ!)

ಉತಾರದಾಗ ಹೆಸರಿಲ್ಲದವರಿಗೆ ಬೆಳೆಸಾಲ ಸಿಗುವುದು ಕಷ್ಟ. 2019ರಿಂದ ಕೇಂದ್ರ ಕೊಡುವ ವರ್ಷದ 6000 ರೂಪಾಯಿ ಕೂಡ ಜಮೀನಿನ ಹೆಸರು ನೋಡಿಯೇ ಬರುತ್ತದೆ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ಶೇಕಡಾ 14 ಕೂಡ ಇಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರಲ್ಲಿ ಕೇಂದ್ರವೇ ಹಿಂದೂ ಉತ್ತರಾಧಿಕಾರ ಕಾಯಿದೆ ತಿದ್ದಿ, ಮದುವೆಯಾದವರಿಗೂ ಕೊಟ್ಟಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಈಗ ನಮ್ಮ ಮನೆ ಸುದ್ದಿ. ಅಪ್ಪ ತೀರಿಕೊಂಡು ವರ್ಷವಾಯಿತು. ಆರು ಎಕರೆ. ವಾರಸಾ ಮಾಡಿಸುವಾಗ ಅಕ್ಕ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು ಎಂದು ಹಿರಿಯರ ತೀರ್ಮಾನ. "ಅರಿಷಿಣ ಕುಂಕುಮಕ್ಕ ಕರೀತೀವಲ್ಲ, ತವರ ಬಾಗಿಲ ತೆರೆದಿರತೈತಿ" ಅಂದರು ದೊಡ್ಡಪ್ಪ. ಅಂದರೆ ಪಾಲು ಕೇಳಿದರೆ ಬಾಗಿಲು ಮುಚ್ಚತೈತಿ. ಅವ್ವಗೂ ಪಾಲಿದೆ ಎನ್ನುವುದು ಯಾರ ಬಾಯಲ್ಲೂ ಬರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಎಂಟು ವರ್ಷ ಆ ಹೊಲದಲ್ಲಿ ದುಡಿದವಳು ಅಕ್ಕ. ಅವಳ ಪಾಲು ಬರುವುದು ಯಾರಿಗೆ? ಪುಣೆಯಲ್ಲಿ ಕೂತು ಈ ಲೇಖನ ಬರೆಯುತ್ತಿರುವ, ಕುಡುಗೋಲು ನೆಟ್ಟಗೆ ಹಿಡಿಯಲು ಬಾರದ ನನಗೂ ನನ್ನ ಅಣ್ಣನಿಗೂ.

ನಾವಿರುವ ಈ ಮಹಾರಾಷ್ಟ್ರದಲ್ಲೇ ಶರದ್ ಜೋಶಿಯವರ ಶೇತಕರಿ ಸಂಘಟನೆ 1986ರಲ್ಲಿ ಚಾಂದವಡದಲ್ಲಿ ರೈತ ಹೆಂಗಸರ ದೊಡ್ಡ ಸಮಾವೇಶ ನಡೆಸಿತ್ತು. ಆಮೇಲೆ 'ಲಕ್ಷ್ಮೀಮುಕ್ತಿ' ಎಂಬ ಚಳವಳಿ. ಎಷ್ಟೋ ಹಳ್ಳಿಗಳಲ್ಲಿ ಗಂಡಂದಿರೇ ಹೆಂಡಿರ ಹೆಸರಿಗೆ ಜಮೀನು ಬರೆದುಕೊಟ್ಟರು. ಅವರೇನು ನಮ್ಮ ಹಾಗೆ ಕಾಲೇಜು ಕಲಿತವರಲ್ಲ.

ದಸರೆ ರಜೆಯಲ್ಲಿ ಸಹಿಗೆ ದಿನ ನಿಗದಿಯಾಗಿದೆ. ನಾನು ಮಾಡುವುದಿಲ್ಲ, ಅಕ್ಕನಿಗೂ ಮಾಡಬೇಡ ಎಂದು ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. "ನೀ ಸಣ್ಣಾಂವ, ಸುಮ್ಮನಿರು. ಅಣ್ಣ ಸಿಟ್ಟಾದರ ಅವ್ವನ್ನ ಯಾರು ನೋಡಬೇಕು?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಊರಿಗೆ ಟಿಕೀಟು ತೆಗೆಸಿದ್ದೇನೆ.