ಗಾಲಿಯ ನೇರವೂ ಕಡ್ಡಿಯ ಬಿಗುವೂ



ಬೈಸಿಕಲ್ಲಿನ ಗಾಲಿಯನ್ನು ಕುರಿತು ಈ ಪುಟದಲ್ಲಿ ಬರೆಯುವುದೇನಿದೆ ಎಂದು ತಾವು ಕೇಳಬಹುದು. ಆದರೆ ನಮ್ಮ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿ, ಬಿಡುವಿನ ದಿನಗಳಲ್ಲಿ ಬೆಲೆಬಾಳುವ ಸೈಕಲ್ಲುಗಳನ್ನೇರಿ ಕಡೂರು, ತರೀಕೆರೆಗಳ ಮಾರ್ಗವಾಗಿ ಕೆಮ್ಮಣ್ಣುಗುಂಡಿಯ ಗುಡ್ಡ ಹತ್ತುವುದು ಈಚೆಗೆ ಕಂಡುಬರುತ್ತಿದೆ. ಅವರ ಗಾಲಿಗಳ ಬೆಲೆಯೇ ಲಕ್ಷ ರೂಪಾಯಿಯನ್ನು ಮೀರುವುದುಂಟು. ಆ ಮಕ್ಕಳು ಕ್ಷೇಮವಾಗಿ ಮನೆಗೆ ಮರಳಲೆಂದು ಕಾಯುವ ಹಿರಿಯರು ಈ ವಿಷಯವನ್ನು ಅಷ್ಟಿಷ್ಟು ತಿಳಿದಿರುವುದು ಒಳಿತು.

ಕಳೆದ ಕಾರ್ತಿಕ ಮಾಸದಲ್ಲಿ ನನ್ನ ತಂಗಿಯ ಮೊಮ್ಮಗನು ಅಜ್ಜಂಪುರದ ನಮ್ಮ ಮನೆಗೆ ಬಂದಿದ್ದನು. ಅವನ ಸೈಕಲ್ಲಿಗೆ ಕಾರ್ಬನ್ ಗಾಲಿಗಳಿದ್ದವು. ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಹಾಸಿ, ಅಚ್ಚಿನಲ್ಲಿ ಕಾಯಿಸಿ ಗಟ್ಟಿಮಾಡಿದ ರಿಮ್ಮು. 50 ಮಿಲಿಮೀಟರ್, ಎಂದರೆ ಸುಮಾರು ಮೂರು ಬೆರಳಿನಷ್ಟು ಆಳ. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಆ ಆಕಾರ. ಬೇರೊಬ್ಬರು ಬಳಸಿ ಬಿಟ್ಟದ್ದನ್ನು ಅರ್ಧ ಬೆಲೆಗೆ ಕೊಂಡಿದ್ದನು. ಮರುದಿನ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೇಲೆ ಕೆಮ್ಮಣ್ಣುಗುಂಡಿಗೆ ಹತ್ತಿ ಇಳಿಯುವ ಸಂಕಲ್ಪ ಅವನದು. ಟೈರಿಗೆ ಗಾಳಿ ನೋಡಿಸಲೆಂದು ನಮ್ಮ ಬೀದಿಯ ಸೈಕಲ್ ಶಾಪಿನ ಸಾಹೇಬರಲ್ಲಿಗೆ ಹೋದೆವು. ನಾನು ಮಠದ ಪ್ರಸಾದ ನಿಲಯದಲ್ಲಿದ್ದ ಕಾಲದಿಂದಲೂ, ಗಂಟೆಯ ಬಾಡಿಗೆಗೆ ಸೈಕಲ್ ತರುತ್ತಿದ್ದ ಕಾಲದಿಂದಲೂ ಅವರ ಪರಿಚಯ ನನಗುಂಟು.

ಸಾಹೇಬರು ಗಾಲಿಯನ್ನು ತಿರುಗಿಸಿದರು. ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಣ ಸಂದು ಸುತ್ತಲೂ ಒಂದೇ ಸಮನಾಗಿತ್ತು. ಹುಡುಗನು ಹೆಮ್ಮೆಯಿಂದ, "ನೋಡಿ ಸಾಬ್ರೆ, ಒಂದು ಚೂರೂ ಬೆಂಡ್ ಇಲ್ಲ" ಎಂದನು. ಸಾಹೇಬರು ಉತ್ತರ ಕೊಡದೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತ ಹೋದರು. ಹಿಂದಿನ ಗಾಲಿಯಲ್ಲಿ ಒಂದೆಡೆ ಕೈ ನಿಲ್ಲಿಸಿದರು.

"ಗಾಲಿ ನೇರಾಗೈತೆ ತಮ್ಮಾ. ಆದ್ರೆ ಈ ಎರಡು ಕಡ್ಡಿ ದನಿ ಕೊಡ್ತಿಲ್ಲ. ಇದನ್ನ ಹಾಕ್ಕೊಂಡು ಗುಡ್ಡ ಇಳೀಬೇಡ" ಎಂದರು.

ಹುಡುಗನಿಗೆ ಬೇಸರವಾಯಿತು. ನೇರವಾಗಿರುವ ಗಾಲಿಯಲ್ಲಿ ದೋಷವೆಲ್ಲಿಂದ ಬಂತೆಂಬುದು ಅವನ ವಾದ. ಇಲ್ಲಿಯೇ ತಿಳಿಯತಕ್ಕ ಸಂಗತಿ ಇರುವುದು.

ಎತ್ತಿನ ಗಾಡಿಯ ಚಕ್ರದಲ್ಲಿ ನೆಲದ ಕಡೆಗಿರುವ ಮರದ ಅರೆಗಳು ಕಂಬದಂತೆ ಭಾರವನ್ನು ಹೊರುತ್ತವೆ. ಸೈಕಲ್ಲಿನ ಕಡ್ಡಿಯಾದರೋ ಎರಡು ಮಿಲಿಮೀಟರ್ ದಪ್ಪದ ತಂತಿ. ಅದು ಎಳೆಯಬಲ್ಲುದೇ ಹೊರತು ಒತ್ತಲಾರದು. ಆದುದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಲವಾಗಿ ಬಿಗಿದಿರುತ್ತಾರೆ. ಸವಾರನು ಕುಳಿತಾಗ ನೆಲದ ಮೇಲಿರುವ ಭಾಗದ ಕಡ್ಡಿಗಳ ಬಿಗುವು ಅಷ್ಟು ಕಡಿಮೆಯಾಗುತ್ತದೆ. ಗಾಲಿ ಉರುಳಿದಂತೆ ಮತ್ತೆ ಬಿಗಿಯುತ್ತದೆ. ಕಡ್ಡಿಗಳನ್ನು ಹಬ್ಬಿನಿಂದ ಓರೆಯಾಗಿ ಹೆಣೆಯುವ ಕ್ರಮಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಯವರು 1874ರಲ್ಲಿ ಹಕ್ಕುಪತ್ರ ಪಡೆದರು. ಇಂದಿಗೂ ಅದೇ ಕ್ರಮ ಬಳಕೆಯಲ್ಲಿದೆ. ಬಿಗುವು ಸಾಲದ ಕಡ್ಡಿಯು ಪ್ರತಿ ಸುತ್ತಿಗೂ ಪೂರ್ತಿ ಸಡಿಲಗೊಂಡು ಬಿಗಿಯುತ್ತ ದಣಿದು, ಕೊನೆಗೊಂದು ದಿನ ಮುರಿಯುತ್ತದೆ. ಅದರ ಪಾಲಿನ ಎಳೆತವು ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ.

ನಮ್ಮ ಹಳೆಯ ಸೈಕಲ್ಲಿಗೆ ಮುಂದಿನ ಗಾಲಿಯಲ್ಲಿ 32, ಹಿಂದಿನದರಲ್ಲಿ 40 ಕಡ್ಡಿಗಳು. ಅದರ ಉಕ್ಕಿನ ರಿಮ್ಮು ತೆಳುವಾದುದರಿಂದ ಎರಡು ಕಡ್ಡಿ ಸಡಿಲವಾದರೆ ಗಾಲಿ ಕೂಡಲೇ ಅಡ್ಡಾಡಿ ತನ್ನ ರೋಗವನ್ನು ತಾನೇ ಹೇಳುತ್ತದೆ. ಆಳವಾದ ಕಾರ್ಬನ್ ರಿಮ್ಮು ಹಾಗಲ್ಲ. ಅದು ಸ್ವಭಾವತಃ ಬಲು ಗಡಸು. ಕಡ್ಡಿಗಳು ಇಪ್ಪತ್ತರಿಂದ ಇಪ್ಪತ್ತನಾಲ್ಕು ಮಾತ್ರ. ಎರಡು ಕಡ್ಡಿ ಸಡಿಲವಾದರೂ ತನ್ನ ಗಡಸುತನದಿಂದಲೇ ಬಹುಮಟ್ಟಿಗೆ ನೇರವಾಗಿ ನಿಲ್ಲುತ್ತದೆ. ಆದುದರಿಂದ ಕಣ್ಣಿಗೆ ಕಾಣುವ ನೇರವನ್ನು ನಂಬಿ ಅದರ ಆರೋಗ್ಯವನ್ನು ನಿರ್ಣಯಿಸಲಾಗದು. ಬಿಗುವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಸಾಹೇಬರು ನನ್ನತ್ತ ತಿರುಗಿ, "ಮೇಷ್ಟ್ರೇ, ಇದರ ನಿಪ್ಪಲ್ಲು ರಿಮ್ಮಿನ ಒಳಗೈತೆ. ಟೈರು ಬಿಚ್ಚಿ ಮಾಡೋ ಕೆಲಸ, ನನ್ನ ಹತ್ರ ಇದರ ಚಾವಿನೂ ಇಲ್ಲ. ಗೊತ್ತಿಲ್ಲದೆ ಬಿಗಿದು ಕೊಟ್ರೆ ಪಾಪ ನಂದಾಗ್ತೈತೆ" ಎಂದರು. ಗಾಳಿ ತುಂಬಿದುದಕ್ಕೂ ಹಣ ಮುಟ್ಟಲಿಲ್ಲ.

ಹುಡುಗನು ಒಲ್ಲದ ಮನಸ್ಸಿನಿಂದಲೇ ರೈಲಿನಲ್ಲಿ ಸೈಕಲ್ಲನ್ನು ಬೆಂಗಳೂರಿಗೆ ಕೊಂಡೊಯ್ದನು. ಒಂದು ವಾರದ ಬಳಿಕ ದೂರವಾಣಿ ಬಂತು. "ಅಜ್ಜ, ಟೈರು ಬಿಚ್ಚಿಸಿ ನೋಡಿದೆ. ಆ ಎರಡು ಕಡ್ಡಿಗಳ ರಂಧ್ರದ ಸುತ್ತ ರಿಮ್ಮು ಸೀಳಿತ್ತು." ಧ್ವನಿಯಲ್ಲಿ ಹೆಮ್ಮೆ ಇಳಿದಿತ್ತು. ಅಂದು ಆ ಗಾಲಿಯಲ್ಲಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಿಂದ ಇಳಿದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಅವನ ಅಜ್ಜಿಗೆ ಹೇಳಲಿಲ್ಲ. ಇನ್ನೊಂದು ಭಯವೂ ಅಲ್ಲಿತ್ತು. ಅವನ ಬ್ರೇಕು ರಿಮ್ಮನ್ನೇ ಹಿಡಿಯುವಂಥದು. ಅಲ್ಯೂಮಿನಿಯಂ ರಿಮ್ಮು ಬಿಸಿಯನ್ನು ಬೇಗ ಹರಡಿ ಚೆಲ್ಲುತ್ತದೆ. ಕಾರ್ಬನ್ ಹಾಗೆ ಚೆಲ್ಲದು. ಉದ್ದನೆಯ ಇಳಿಜಾರಿನಲ್ಲಿ ಬಿಡದೆ ಬ್ರೇಕು ಹಿಡಿದರೆ ಅದನ್ನು ಕಟ್ಟಿಹಾಕಿರುವ ಅಂಟೇ ಮೆತ್ತಗಾಗುವ ಅಪಾಯವುಂಟು. ಡಿಸ್ಕ್ ಬ್ರೇಕಿನ ಗಾಲಿಗೆ ಈ ತೊಂದರೆಯಿಲ್ಲ.

ಸವಾರಿಯ ಹಿತದ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ಕಾರ್ಬನ್ ಗಾಲಿ ಕುಲುಕನ್ನು ನುಂಗುತ್ತದೆಂದು ಕೆಲವರು, ಮೈ ನೋಯಿಸುತ್ತದೆಂದು ಕೆಲವರು ಹೇಳುವರು. ವಾಸ್ತವದಲ್ಲಿ ಹಳ್ಳದಿಣ್ಣೆಯ ಮೇಲೆ ಟೈರು ಹಲವು ಮಿಲಿಮೀಟರ್ ಕುಗ್ಗುತ್ತದೆ. ರಿಮ್ಮೂ ಕಡ್ಡಿಗಳೂ ಸೇರಿ ಮೇಲಿನಿಂದ ಕೆಳಕ್ಕೆ ಒಂದು ಮಿಲಿಮೀಟರ್ ಸಹ ಕುಗ್ಗವು. ಹಿತವಿರುವುದು ಟೈರಿನ ಅಗಲದಲ್ಲಿ, ಅದರೊಳಗಣ ಗಾಳಿಯಲ್ಲಿ. 23 ಮಿಲಿಮೀಟರ್ ಟೈರಿಗೆ ನೂರು ಪೌಂಡು ತುಂಬುತ್ತಿದ್ದವರು 28 ಮಿಲಿಮೀಟರ್ ಟೈರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ತುಂಬಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಿಲ್ಲದ ಕಾರ್ಬನ್ ರಿಮ್ಮುಗಳಿಗೆ 5 ಬಾರ್, ಅಂದರೆ ಸುಮಾರು 72 ಪೌಂಡೇ ಗರಿಷ್ಠ ಮಿತಿ; ಮೀರಕೂಡದು.

ಇನ್ನು ಗಾಳಿ ಸೀಳುವ ಲಾಭ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆದುದರಿಂದ ಸ್ಪರ್ಧಾಳುವಿಗೆ ಈ ಗಾಲಿ ಪ್ರಯೋಜನಕಾರಿಯೇ ಸರಿ. ಆದರೆ ಆ ತಡೆಯ ಹೆಚ್ಚಿನ ಪಾಲು ಸವಾರನ ಮೈಯದು, ಗಾಲಿಯದಲ್ಲ. ಮೇಲಾಗಿ ಕಡೂರಿನಿಂದ ಬೀರೂರಿನ ಮೇಲೆ ತರೀಕೆರೆಗೆ ಹೋಗುವ ರಸ್ತೆ ವಾಯವ್ಯಕ್ಕೆ ಮುಖಮಾಡಿದೆ. ಆಷಾಢದ ನೈಋತ್ಯ ಗಾಳಿ ಅದಕ್ಕೆ ಅಡ್ಡಲಾಗಿ ಬೀಸುತ್ತದೆ. ಆಳವಾದ ಮುಂದಿನ ರಿಮ್ಮು ಆ ಗಾಳಿಗೆ ಹಾಯಿಯಂತಾಗಿ ಹ್ಯಾಂಡಲನ್ನು ಎಳೆಯುತ್ತದೆ. ಲಾರಿಗಳ ಪಕ್ಕದಲ್ಲಿ ಹೋಗುವವನಿಗೆ ಇದು ಸಣ್ಣ ಮಾತಲ್ಲ.

ಆದುದರಿಂದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟು. ಬಳಸಿದ ಕಾರ್ಬನ್ ಗಾಲಿಯನ್ನು ಮಕ್ಕಳು ಕೊಳ್ಳುವುದಾದರೆ, ಟೈರು ಬಿಚ್ಚಿಸಿ ಒಳಗಣ ರಂಧ್ರಗಳನ್ನು ನೋಡಿಯೇ ಹಣ ಕೊಡಲಿ. ತಿಂಗಳಿಗೊಮ್ಮೆ ಕಡ್ಡಿಗಳನ್ನು ಮೀಟಿ ಕೇಳಲಿ. ಹಿಂದಿನ ಗಾಲಿಯಲ್ಲಿ ಚೈನಿನ ಪಕ್ಕದ ಕಡ್ಡಿಗಳು ಹೆಚ್ಚು ಬಿಗಿಯಾಗಿರುವುದು ಸಹಜ. ಒಂದು ಪಕ್ಕದವನ್ನು ಅದೇ ಪಕ್ಕದವುಗಳೊಡನೆ ಮಾತ್ರ ಹೋಲಿಸತಕ್ಕದ್ದು. ಶಾಲೆಗೆ ಹೋಗುವ ಮಕ್ಕಳ ಸಾಮಾನ್ಯ ಸೈಕಲ್ಲಿಗೂ ಈ ಪರೀಕ್ಷೆ ಸಲ್ಲುತ್ತದೆ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಮನೆಗಳಿಗೆ ಬಂದ ಸೈಕಲ್ಲುಗಳಲ್ಲಿ ಕೆಲವು ಇನ್ನೂ ಓಡಾಡುತ್ತಿವೆ. ಅವುಗಳ ಕಡ್ಡಿಯನ್ನೂ ಒಮ್ಮೆ ಮೀಟಿ ನೋಡಿರಿ.

ನಮ್ಮ ಹುಡುಗನು ಪುಷ್ಯ ಮಾಸದಲ್ಲಿ ಹಳೆಯ ಅಲ್ಯೂಮಿನಿಯಂ ಗಾಲಿಗಳನ್ನೇ ಹಾಕಿಕೊಂಡು ಬಂದನು. ಕೆಮ್ಮಣ್ಣುಗುಂಡಿಗೆ ಹೋಗಿ ಸಂಜೆಗೆ ಮನೆ ಸೇರಿದನು. ಮೊದಲು ಹೋದದ್ದು ಮಾತ್ರ ಸಾಹೇಬರ ಅಂಗಡಿಗೆ. ಕೇಳದೆಯೇ ಸೈಕಲ್ಲನ್ನು ಅವರ ಮುಂದೆ ನಿಲ್ಲಿಸಿದನು. ಅವರು ಎಲ್ಲ ಕಡ್ಡಿಗಳನ್ನೂ ಮೀಟಿ, "ಈಗ ಹೋಗು" ಎಂದರಂತೆ. ಕಾಯಕವೆಂದರೆ ಏನೆಂದು ನಾವು ಪೀಠದ ಮೇಲೆ ಕುಳಿತು ಬಹಳ ಹೇಳುತ್ತೇವೆ. ತಿಳಿಯದ ಕೆಲಸಕ್ಕೆ ಕೈಹಾಕದೆ, ತಿಳಿದಷ್ಟನ್ನು ನಿಷ್ಠುರವಾಗಿ ಹೇಳಿದ ಆ ಸಾಹೇಬರಿಗೆ ಈ ಮೂಲಕ ನನ್ನ ಶರಣು.